ಪೆಟ್ಟಿಗೆಯ ಪಕ್ಕದ ಬ್ಯಾಗು

ಲೂರ್ದುರಾಜ್ ಹೊಸ ಪಾದ್ರಿ. ಯಾವ ಊರಿನ ಪಾದ್ರಿಗೆ ಜ್ವರ ಬಂದರೂ, ಕಾಲು ಉಳುಕಿದರೂ, ಬಿಷಪರು ಬದಲಿಗೆ ಅವನನ್ನೇ ಕಳಿಸುತ್ತಿದ್ದರು.

ಅವನಿಗೆ ಸೆಮಿನರಿಯಲ್ಲಿ ಪಾಠ ಹೇಳಿದವರು ಫಾದರ್ ಇನ್ನಾಸಪ್ಪ. ಈಗ ಹೊಳೆ ದಂಡೆಯಲ್ಲಿ, ನಿವೃತ್ತ ಪಾದ್ರಿಗಳ ಮನೆಯಲ್ಲಿದ್ದರು.

ನಾನಲ್ಲಿ ಇರಲಿಲ್ಲ. ಇದ್ದವರಿಗಿಂತ ಚೆನ್ನಾಗಿ ಹೇಳ್ತೀನಿ, ಕೇಳಿ.

ಒಂದು ಸೋಮವಾರ ಶಿಷ್ಯ ಕುಣಿಯುತ್ತಾ ಬಂದ.

“ಗುರುಗಳೇ, ಈಗ ಬದಲಿಗೆ ಹೋಗಿರೋ ಊರಲ್ಲಿ ಶನಿವಾರ ಪಾಪನಿವೇದನೆಗೆ ನಲವತ್ತೊಂದು ಜನ!”

ಪಾದ್ರಿಯ ಕಿವಿಯಲ್ಲಿ ಗುಟ್ಟಾಗಿ ತಮ್ಮ ಪಾಪ ಹೇಳಿಕೊಳ್ಳೋಕೆ ಬಂದವರು ಮೂವತ್ತು ಅಂತಲೂ ಕೇಳಿದ್ದೇನೆ. ನಲವತ್ತೊಂದೇ ಇರಲಿ.

“ಅಲ್ಲಿನ ಪಾದ್ರಿಗಳಿಗೆ ಎಷ್ಟು ಜನ ಬರ್ತಾರೆ?”

“ಐದಾರು ಜನವಂತೆ, ಪಾಪ. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಾರೆ. ಈಗ ಆಪರೇಶನ್ ಆಗಿ ಮಲಗಿದ್ದಾರೆ.”

“ಸರಿ. ನಿನಗೇನು ಬೇಕು?”

“ಆ ಊರು ಬೇಕು. ಎರಡು ವರ್ಷದಲ್ಲಿ ಹನ್ನೊಂದು ಊರು ಸುತ್ತಿದೆ. ಅಂಗಿ ತೂಗುಹಾಕೋಕೆ ನನ್ನದು ಅಂತ ಒಂದು ಮೊಳೆ ಇಲ್ಲ. ಅಲ್ಲಿ ಜನಕ್ಕೆ ನಾನು ಬೇಕು. ಬಿಷಪರಿಗೆ ಕಾಗದ ಬರೀತೀನಿ.”

“ಬರಿ. ಆದರೆ ಮೊದಲು ಪೂಜೆಯಲ್ಲಿ ಜನಕ್ಕೆ ಹೇಳು, ಇಲ್ಲೇ ಉಳಿಯೋಕೆ ಆಸೆ ಅಂತ.”

ಭಾನುವಾರ ಹೇಳಿದ. ಎಂಟು ದಿನ ಬಿಟ್ಟು ಸೋಮವಾರ ನಡೆದುಕೊಂಡು ಬಂದ. ಕುಣಿತ ಇರಲಿಲ್ಲ.

“ಏನಂದ್ರು ಜನ?”

“ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು.”

“ಶನಿವಾರ ಸಾಲು?”

“ಮೂವರು. ಒಬ್ಬಜ್ಜಿಗೆ ಕಿವಿ ಕೇಳಲ್ಲ. ಇನ್ನೊಬ್ಬರು ಚರ್ಚಿನ ಕೆಲಸ ನೋಡಿಕೊಳ್ಳೋ ಉಪದೇಶಿ, ಫ್ಯಾನ್ ಆರಿಸಲಾ ಅಂತ ಕೇಳೋಕೆ ಬಂದಿದ್ದರು.”

ಇನ್ನಾಸಪ್ಪನವರು ನಗಲಿಲ್ಲ. ನಕ್ಕರು ಅಂತ ಹೇಳೋರಿದ್ದಾರೆ, ನಂಬಬೇಡಿ.

“ನಲವತ್ತೊಂದು ಜನ ಬಂದ ದಿನ ನಿನ್ನ ಬ್ಯಾಗು ಎಲ್ಲಿತ್ತು?”

“ನಾನು ಒಳಗೆ ಕೂತು ಕೇಳೋ ಪಾಪನಿವೇದನೆಯ ಪೆಟ್ಟಿಗೆ ಪಕ್ಕದಲ್ಲೇ. ಬಿಷಪರು ಕರೆದ ತಕ್ಷಣ ಹೊರಡೋಕೆ ಅಂತ.”

“ಮೊನ್ನೆ?”

“ಒಳಗೆ, ಬೀರುವಿನಲ್ಲಿ.”

ಶಿಷ್ಯ ತಲೆ ತಗ್ಗಿಸಿದ. ಕೇಳಿದ: “ಹಾಗಾದರೆ ಅವರಿಗೆ ಬೇಕಾಗಿದ್ದು ನಾನಲ್ಲ, ಹೊರಟು ಹೋಗೋ ಪಾದ್ರಿನಾ?”

“ಬಿಷಪರ ಮನೆಯಿಂದ ಏನಾದರೂ ಸುದ್ದಿ?”

“ಬೆಟ್ಟದಾಚೆ ಇನ್ನೊಂದು ಊರಿಗೆ ಬದಲಿ ಬೇಕಂತೆ. ಈಸ್ಟರ್ ತನಕ. ನಾಳೆಯೇ ಹೊರಡು ಅಂದರು. ನಾನಿನ್ನೂ ಹೂಂ ಅಂದಿಲ್ಲ.”

“ಕಾಗದ?”

ಶಿಷ್ಯ ಜೇಬಿನಿಂದ ತೆಗೆದ. ಅಂಟಿಸಿದ ಲಕೋಟೆ, ಸ್ಟಾಂಪೂ ಹಚ್ಚಿತ್ತು. ಹೊಳೆಯ ಕಡೆ ನೋಡಿದ. ಆಮೇಲೆ ಅದನ್ನು ನಾಲ್ಕಾಗಿ ಮಡಿಸಿದ.

ಅಂಗಳದಲ್ಲಿ ಒಂದು ಹಳೇ ಮರದ ಕುರ್ಚಿ. ಒಂದು ಕಾಲು ಗಿಡ್ಡ, ಕೂತರೆ ಓಲಾಡುತ್ತದೆ. ಶಿಷ್ಯ ಬಗ್ಗಿ, ಕಾಗದವನ್ನು ಆ ಕಾಲಿನ ಕೆಳಗೆ ಒತ್ತಿದ.

ಕುರ್ಚಿ ಗಟ್ಟಿಯಾಗಿ ನಿಂತಿತು.

“ಬೆಳಿಗ್ಗೆ ಆರರ ಬಸ್ಸಿಗೆ ಹೋಗ್ತೀನಿ, ಗುರುಗಳೇ.”

“ಖಂಡಿತಾ?”

“ಖಂಡಿತಾ.”

ಇನ್ನಾಸಪ್ಪನವರು ಎದ್ದರು. ಶಿಷ್ಯ ಬಾಗಿಲ ಬಳಿ ಇಟ್ಟಿದ್ದ ಬ್ಯಾಗನ್ನು ಎತ್ತಿ ತಂದು ಆ ಕುರ್ಚಿಯ ಪಕ್ಕ ಇಟ್ಟರು. ಊರುಗೋಲು ಹಿಡಿದು, ಒಂದೊಂದೇ ಮಂಡಿ ಮಡಿಸಿ, ನೆಲಕ್ಕೆ ಊರಿದರು.

“ಕೂತ್ಕೋ ಮರಿ. ಹನ್ನೆರಡು ವರ್ಷದಿಂದ ನನ್ನದೂ ಒಂದು ಪಾಪ ಹೇಳದೇ ಉಳಿದುಬಿಟ್ಟಿದೆ. ಇಲ್ಲಿರೋ ಪಾದ್ರಿಗಳಿಗೆ ಹೇಳೋಣ ಅಂದ್ರೆ, ಅವರ ಜೊತೆ ದಿನಾ ಊಟಕ್ಕೆ ಕೂರಬೇಕು, ನೋಡು.”