ಮರ ಹತ್ತುವ ಏಡಿ

ಕಡಲ ದಂಡೆಯ ಆಶ್ರಮವೊಂದರಲ್ಲಿ ಜಟ್ಟಪ್ಪನೆಂಬ ಶಿಷ್ಯನಿದ್ದ. ಗುರುಗಳು ಎಲ್ಲಿಗೆ ಹೊರಟರೂ ಗೆಜ್ಜೆ ಕಟ್ಟಿದ ಕೋಲನ್ನು ನೆಲಕ್ಕೆ ಕುಟ್ಟುತ್ತ ಮುಂದೆ ನಡೆಯುವುದು ಅವನ ಸೇವೆ. ಹಾವು ಚೇಳು ಇದ್ದರೆ ಸರಿದುಹೋಗಲಿ, ಗುರುಗಳ ಕಾಲಿಗೆ ಸಿಕ್ಕದಿರಲಿ ಎಂದು.

ಅವನ ಅಪ್ಪ ಹಾಯಿದೋಣಿಯಲ್ಲಿ ದುಡಿದವನು. ದೂರದ ದ್ವೀಪವೊಂದರಲ್ಲಿ ತೆಂಗಿನ ಮರ ಹತ್ತುವ, ಕಾಯಿ ಸುಲಿದು ತಿನ್ನುವ ಏಡಿಯನ್ನು ಕಂಡೆ ಎಂದಿದ್ದಕ್ಕೆ ಊರವರು ಸಾಯುವತನಕ ಅವನನ್ನು ಸುಳ್ಳ ಎಂದೇ ಕರೆದರು. ಆ ಏಡಿಯನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಜಟ್ಟಪ್ಪ ಗುರುಗಳ ಬೆನ್ನು ಬಿದ್ದಿದ್ದ. ಕಡೆಗೆ ಅವರು ಅವನೊಂದಿಗೆ ದೋಣಿ ಹತ್ತಿದರು.

ದ್ವೀಪದಲ್ಲಿ ಇಳಿಯುವಾಗ ಗುರುಗಳು, "ಕೋಲು ದೋಣಿಯಲ್ಲೇ ಇರಲಿ ಮಗನೇ" ಎಂದರು.

"ಉಂಟೇ ಗುರುಗಳೇ? ಗುರುತಿಲ್ಲದ ಕಾಡು. ಸೇವೆ ಬಿಡಲಾದೀತೇ?"

ಗುರುಗಳು ಅವನ ಹಿಂದೆ ಇಳಿದರು.

ಜಟ್ಟಪ್ಪ ಎಂದಿಗಿಂತ ಜೋರಾಗಿ ಕುಟ್ಟುತ್ತ ನಡೆದ. ಮಧ್ಯಾಹ್ನವಾಯಿತು. ಏಡಿ ಹಾಳಾಗಲಿ, ಒಂದು ಓತಿಕ್ಯಾತವೂ ಕಾಣಲಿಲ್ಲ. ಎಲ್ಲೆಲ್ಲೂ ಬಿಲಗಳು, ಬಿಲದ ಬಾಯಲ್ಲಿ ಹಸಿ ತೆಂಗಿನ ನಾರು, ಮನೆಯವರು ಈಗತಾನೆ ಎದ್ದುಹೋದ ಹಾಗೆ.

ಅವನಿಗೆ ರೇಗಿಹೋಯಿತು. ಮೊದಲು ದ್ವೀಪವನ್ನು ಬೈದ. ಆಮೇಲೆ ತಪ್ಪು ದ್ವೀಪಕ್ಕೆ ತಂದಿಳಿಸಿದನೆಂದು ದೋಣಿಯವನನ್ನು ಬೈದ. ಬಹಳ ಹಿಂದೆ ಬರುತ್ತಿದ್ದ ಗುರುಗಳ ಮೇಲೂ ಸಿಟ್ಟು ಬಂತು. ಅಲ್ಲಲ್ಲಿ ನಿಂತು ಸುಮ್ಮನೆ ನೋಡುತ್ತಾರೆ, ಹೊತ್ತು ಹೋಗುತ್ತಿದೆಯೆಂಬ ಪರಿವೆಯೇ ಇಲ್ಲ. ಆ ಸಿಟ್ಟೆಲ್ಲ ಕೋಲಿಗಿಳಿದು ಗೆಜ್ಜೆ ಇನ್ನಷ್ಟು ಝಣಗುಟ್ಟಿತು.

ಸಂಜೆ ನೀರು ಇಳಿಯತೊಡಗಿತು. ದೋಣಿಯವನು ಕೈಬೀಸಿ ಕರೆದ. ಗುರುಗಳ ಮುಪ್ಪಿಗೆ ಇನ್ನೊಮ್ಮೆ ಇಷ್ಟು ದೂರ ಬರುವುದು ಆಗದ ಮಾತು. ಜಟ್ಟಪ್ಪ ಮರಳಲ್ಲಿ ಕುಸಿದು ಕೂತ.

"ಊರವರು ಹೇಳಿದ್ದೇ ನಿಜ ಗುರುಗಳೇ. ಅಪ್ಪ ಸುಳ್ಳನೇ."

"ನಿನ್ನಪ್ಪ ಸುಳ್ಳಾಡಿಲ್ಲ" ಎಂದರು ಗುರುಗಳು. "ನೀನು ದಾಟಿಹೋದ ಮೇಲೆ ಬಿಲದಿಂದ ಹೊರಗೆ ಬಂತು. ನನ್ನ ಕಣ್ಣೆದುರೇ ಮರ ಹತ್ತಿತು."

ಜಟ್ಟಪ್ಪನಿಗೆ ಮೈಯೆಲ್ಲ ಉರಿಯಿತು. ಎದುರಿಗಿರುವವರು ಗುರುಗಳೆಂಬುದನ್ನೂ ಮರೆತು ಕೇಳಿದ.

"ಮತ್ತೆ ನನ್ನನ್ನು ಯಾಕೆ ಕರೆಯಲಿಲ್ಲ?"

"ಕರೆದೆ ಮಗನೇ. ಗೆಜ್ಜೆಯ ಸದ್ದಿನಲ್ಲಿ ನಿನಗೆ ಕೇಳಿಸಲಿಲ್ಲ."