ಹಲ್ಲಿ ತಂದ ಹೊಸ ಹೆಣಿಗೆ

ಜಾಲತಾಣ ಕಟ್ಟುವ ಕಚೇರಿಯೊಂದರ ಕಿಟಕಿಯಲ್ಲಿ ಒಂದು ಜೇಡ ವಾಸವಾಗಿತ್ತು. ಅದರ ಬಲೆ ನೋಡಲು ತೀರಾ ಸಾದಾ. ಆದರೂ ದಿನಕ್ಕೆರಡು ನೊಣಕ್ಕೆ ಮೋಸವಿರಲಿಲ್ಲ. ಒಂದು ದಿನ ಗೋಡೆಯ ಹಲ್ಲಿ ಬಂದು, "ಜೇಡಮ್ಮ, ಆಚೆ ಕಿಟಕಿಯವರು ಈಗ ಆರು ಮೂಲೆಯ ಬಲೆ ಕಟ್ಟುತ್ತಿದ್ದಾರೆ. ಹಳೆಯದನ್ನು ನೆಚ್ಚಿದವರಿಗೆ ಮುಂದೆ ಅನ್ನವಿಲ್ಲವಂತೆ," ಎಂದು ಲೊಚಗುಟ್ಟಿತು. ಹಲ್ಲಿ ನುಡಿದ ಮೇಲೆ ಸುಳ್ಳಾಗುವುದುಂಟೇ? ಜೇಡ ತನ್ನ ಬಲೆಯನ್ನು ಕಿತ್ತು ನುಂಗಿ, ಆ ನೂಲಿನಿಂದಲೇ ಆರು ಮೂಲೆ ಹೆಣೆಯಲು ಕಲಿಯತೊಡಗಿತು. ಕಲಿತು ಮುಗಿಸುವಷ್ಟರಲ್ಲಿ ಹಲ್ಲಿ ಮತ್ತೆ ಬಂದು, "ಅದರ ಕಾಲ ಮುಗಿಯಿತು. ಈಗೇನಿದ್ದರೂ ಸುರುಳಿ ಬಲೆ," ಎಂದಿತು. ಸುರುಳಿಯ ಬೆನ್ನಿಗೆ ಜೋಳಿಗೆ ಬಲೆ ಬಂತು, ಅದರ ಬೆನ್ನಿಗೆ ಏಣಿ ಬಲೆ. ಒಂದು ನೊಣ ಬೀಳುವಷ್ಟು ಹೊತ್ತೂ ಯಾವ ಬಲೆಯೂ ನಿಲ್ಲಲಿಲ್ಲ. ಜೇಡದ ಹೊಟ್ಟೆ ಬೆನ್ನಿಗೆ ಹತ್ತಿತು.

ಕೊನೆಗೊಮ್ಮೆ ಅದು ಕೇಳಿತು: "ಹಲ್ಲಿಯಣ್ಣ, ಆಚೆ ಕಿಟಕಿಯವರಿಗೆ ನೊಣ ಎಷ್ಟು ಬೀಳುತ್ತಿವೆ?"

"ನೊಣವೇ? ನಾನು ಕಂಡಿಲ್ಲ. ಹೋದಾಗಲೆಲ್ಲ ಅವರು ಕಿತ್ತು ಕಟ್ಟುತ್ತಲೇ ಇರುತ್ತಾರೆ. ಈಚೆ ಕಿಟಕಿಯ ಜೇಡಮ್ಮ ಹೊಸದೇನು ಕಲಿತಳು ಎಂದು ನನ್ನನ್ನೇ ಕೇಳುತ್ತಾರೆ."

"ನೀನೇನು ಹೇಳಿದೆ?"

"ಇದ್ದದ್ದನ್ನೇ ಹೇಳಿದೆ. ಏಣಿ ಬಲೆ ಕಲಿಯುತ್ತಿದ್ದಾಳೆ ಎಂದೆ. ಕೇಳಿದ್ದೇ ತಡ, ತಮ್ಮದನ್ನೆಲ್ಲ ಕಿತ್ತುಹಾಕಿದರು."

ಜೇಡ ಅರ್ಧ ಕಟ್ಟಿದ್ದ ಏಣಿಯನ್ನು ಎಳೆ ಎಳೆಯಾಗಿ ಕಿತ್ತು ನುಂಗುತ್ತಾ, "ಹಾಗಾದರೆ ಅವರೀಗ ಏನು ಕಟ್ಟುತ್ತಿದ್ದಾರೆ?" ಎಂದು ಕೇಳಿತು.