ಕೋಳಿ ಹೆಚ್ಚೋ, ಒಣಬಾಡು ಹೆಚ್ಚೋ

“ಉಸ್ತಾದರೇ, ಬಲಕ್ಕೆ ಕೋಳಿ ಹೆಚ್ಚೋ, ಒಣಬಾಡು ಹೆಚ್ಚೋ?”

ಕೇಳಿದವನು ನನ್ನ ಗರಡಿಯ ಶಿಷ್ಯ ಬೋರಲಿಂಗ. ಕೇಳಬೇಕಾದವನನ್ನೇ ಕೇಳಿದ. ಒಂದೇ ಸಲ ಕೂತು ಹನ್ನೊಂದು ನಾಟಿಕೋಳಿ ತಿಂದು ಎದ್ದವನು ನಮ್ಮ ಸೀಮೆಯಲ್ಲಿ ನಾನೊಬ್ಬನೇ. ಹನ್ನೆರಡನೆಯದು ಒಲೆಯ ಮೇಲಿತ್ತು. ಬೇಯಲು ತಡವಾಯಿತೆಂದು ಬಿಟ್ಟು ಎದ್ದೆ. ಆ ದಿನ ಎದುರಿಗೆ ಮೂವರಿದ್ದರು. ಬಡಿಸಿದವನು ತೀರಿಕೊಂಡ. ಎಲುಬು ಎಣಿಸಿದವನೂ ತೀರಿಕೊಂಡ. ಮೂರನೆಯವನು ನಾನು ತಿನ್ನುವುದನ್ನು ನೋಡಿ ಹೆದರಿ ಊರು ಬಿಟ್ಟವನು ಮತ್ತೆ ಬರಲಿಲ್ಲ. ಇದ್ದಿದ್ದರೆ ಮೂವರನ್ನೂ ಈಗಲೇ ಕರೆಸುತ್ತಿದ್ದೆ.

ಇದನ್ನು ನಾನು ಬೋರಲಿಂಗನಿಗೆ ಮೊದಲೇ ಹೇಳಿಬಿಟ್ಟೆ. ಪಕ್ಕದಲ್ಲಿ ಅವನ ಗೆಳೆಯ ಇನಾಯತ್ ಕೂತಿದ್ದ. ಇಬ್ಬರೂ ತಲೆಯಾಡಿಸಿದರು. ಅಲ್ಲವೆನ್ನಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ಹೆಂಡತಿ ದೇವೀರಮ್ಮ ರಾಗಿ ಮೂಟೆಯನ್ನು ತಲೆಯ ಮೇಲಿಟ್ಟುಕೊಂಡು ಗಿರಣಿಗೆ ಹೋಗಿದ್ದಳು. ಶಿಷ್ಯರೆಲ್ಲ ಅವಳನ್ನು ಅವ್ವ ಎನ್ನುತ್ತಾರೆ. ನಾನು ಮಾತಾಡುವಾಗ ಅವಳು ಮನೆಯಲ್ಲಿ ಇರದಿದ್ದರೆ ನನ್ನ ಮಾತಿಗೆ ಒಂದು ಓಟ ಬರುತ್ತದೆ.

ಬೋರಲಿಂಗ ಕೇಳಿದ್ದು ಬಾಯಿ ಚಪಲಕ್ಕಲ್ಲ. ಇನ್ನು ಇಪ್ಪತ್ತೊಂದು ದಿನಕ್ಕೆ ಅವನಿಗೆ ಕುಸ್ತಿ ಇತ್ತು. ಜೋಡಿ ಹಳೆಯದೇ, ಹೊಳೆಯಾಚೆಯ ಗರಡಿಯ ಪೈಲ್ವಾನ. ಹೋದ ವರ್ಷ ಆ ಪೈಲ್ವಾನ ನಾನು ಎಲೆಗೆ ಸುಣ್ಣ ಸವರಿ ಮಡಿಸುವಷ್ಟರಲ್ಲಿ ಇವನನ್ನು ಚಿತ್ ಮಾಡಿದ್ದ. ನಮ್ಮ ಕಡೆ ಗರಡಿಗಳಲ್ಲಿ ಒಂದು ಕಟ್ಟು ಇದೆ. ಒಬ್ಬನ ಕೈಯಲ್ಲಿ ಎರಡು ಸಲ ಬೆನ್ನು ಮಣ್ಣಿಗೆ ತಾಗಿಸಿಕೊಂಡವನು ಮತ್ತೆ ಅವನ ಎದುರು ಇಳಿಯುವಂತಿಲ್ಲ. ಬದುಕಿರುವಷ್ಟು ದಿನ ಅವನ ಮುಂದೆ ಸೋತವನಾಗಿಯೇ ಇರಬೇಕು. ಬೋರಲಿಂಗನಿಗೆ ಅದೇ ಚಿಂತೆ. ಮಾತಾಡುತ್ತ ಕೂತಿದ್ದಾಗಲೂ ಕೈ ಹಿಂದಕ್ಕೆ ಹೋಗಿ ಬೆನ್ನಿನ ಮಣ್ಣು ಕೊಡವುತ್ತಿತ್ತು. ಬೆನ್ನಿನಲ್ಲಿ ಮಣ್ಣಿರಲಿಲ್ಲ.

“ನಮ್ಮಕ್ಕ ಕೋಳಿ ತಿನ್ನು ಅಂತಾಳೆ,” ಎಂದ ಬೋರಲಿಂಗ. “ಇನಾಯತ್ ಒಣಬಾಡು ಅಂತಾನೆ. ಅವರ ಮನೇಲಿ ಕುರಿ ಮಾಂಸಕ್ಕೆ ಉಪ್ಪು ಅರಿಶಿನ ಹಚ್ಚಿ ಒಣಗಾಕವ್ರೆ. ಒಂದು ಹಗ್ಗ ಪೂರಾ ನನಗೇ ಅಂತೆ.”

“ಜಿಮ್ಮಿನ ಮಾಸ್ತರನ್ನ ಕೇಳ್ಕೊಂಡು ಬಂದಿದೀನಿ ಉಸ್ತಾದ್,” ಎಂದ ಇನಾಯತ್. “ತೂಕಕ್ಕೆ ತೂಕ ಇಟ್ಟು ನೋಡಿದ್ರೆ ಒಣಬಾಡಲ್ಲೇ ಪ್ರೋಟೀನು ಜಾಸ್ತಿಯಂತೆ. ಕಬ್ಬಿಣದ ಅಂಶಾನೂ ಜಾಸ್ತಿ. ಉಪ್ಪು ಮಾತ್ರ ವಿಪರೀತ. ಕೋಳೀಲಿ ಕೊಬ್ಬು ಕಮ್ಮಿ, ಬೇಗ ಅರಗುತ್ತೆ ಅಂದ್ರು.”

“ನಿಮ್ಮ ಮಾಸ್ತರು ಯಾರ ಜೊತೆ ಕುಸ್ತಿ ಆಡಿದಾರಪ್ಪ?”

“ದಿನಾ ಕನ್ನಡಿ ಜೊತೆ.”

ಇನಾಯತ್‌ಗೆ ಬುದ್ಧಿ ಇದೆ. ಆದರೂ ತೂಕದ ಮಾತಿಗೆ ಒಂದು ಉತ್ತರ ಬೇಕಲ್ಲ. ನಾನು ಶಾಲೆಯ ಬಾಗಿಲನ್ನು ಒಮ್ಮೆ ಪಂದ್ಯ ಕಟ್ಟಿ ಕಿತ್ತವನೇ ಹೊರತು ಒಳಗೆ ಹೋದವನಲ್ಲ. ನನಗೆ ಗೊತ್ತಿರುವುದು ಕತೆ. ಗೋಡೆಗೆ ಒರಗಿ ಅದನ್ನೇ ಹೇಳಿದೆ. ಕಣ್ಣಾರೆ ಕಂಡ ಸಂಗತಿ. ನಾನು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು ಅಷ್ಟೆ.

ಒಂದು ಊರಿನಲ್ಲಿ ಒಬ್ಬ ಗುರುವಿದ್ದ. ಅವನಿಗೆ ಇಬ್ಬರು ಶಿಷ್ಯರು. ಒಬ್ಬ ರೈತ, ಒಬ್ಬ ಉಪ್ಪಿನ ವ್ಯಾಪಾರಿ. ಗುರುವಿಗೆ ವಯಸ್ಸಾಯಿತು. ಗರಡಿಯ ಗದೆಯನ್ನು ಇಬ್ಬರಲ್ಲಿ ಒಬ್ಬನಿಗೆ ಒಪ್ಪಿಸಬೇಕಾಯಿತು. ನಲವತ್ತೆಂಟು ದಿನ ಬಿಟ್ಟು ನೀವಿಬ್ಬರೂ ಕುಸ್ತಿ ಆಡಿ, ಗೆದ್ದವನಿಗೆ ಗದೆ, ಬಿದ್ದವನು ಗೆದ್ದವನ ಕೈಕೆಳಗೆ ಅಖಾಡದ ಮಣ್ಣು ಅಗೆದುಕೊಂಡಿರಬೇಕು ಎಂದ. ಇಬ್ಬರೂ ಒಪ್ಪಿದರು. ಇಬ್ಬರಿಗೂ ಮಣ್ಣು ಅಗೆಯಲು ಇಷ್ಟವಿರಲಿಲ್ಲ.

ವ್ಯಾಪಾರಿಯ ಮನೆಯಲ್ಲಿ ಉಪ್ಪಿಗೆ ಕೊರತೆಯಿಲ್ಲ. ಅವನು ನಾಲ್ಕು ಟಗರು ಕಡಿಸಿದ. ಬಾಡನ್ನು ಪಟ್ಟಿಯಾಗಿ ಸೀಳಿಸಿ, ಉಪ್ಪು ತಿಕ್ಕಿಸಿ, ಬಿಸಿಲಿಗೆ ಹಾಕಿಸಿದ. ಎಂಟು ದಿನಕ್ಕೆ ಅದು ಚಪ್ಪಲಿಯ ಬಾರಿನಂತಾಯಿತು. ತಾನು ಮಲಗುವ ಮಂಚದ ಮೇಲೆ ಒಂದು ಹಗ್ಗ ಕಟ್ಟಿಸಿ ಅದನ್ನೆಲ್ಲ ತೂಗುಹಾಕಿದ. ಮಂಚದ ಬದಿಯಲ್ಲಿ ಕೆಂಡದ ಮಡಕೆ. ಮಲಗಿದಲ್ಲಿಂದ ಕೈ ಎತ್ತಿದರೆ ಬಾಡು, ಕೈ ಇಳಿಸಿದರೆ ಬೆಂಕಿ. ಸುಟ್ಟು ತಿನ್ನುವುದಕ್ಕೆ ಅವನು ಮಗ್ಗುಲು ಕೂಡ ಬದಲಿಸಬೇಕಾಗಿರಲಿಲ್ಲ.

ರೈತನಿಗೆ ಟಗರಿರಲಿಲ್ಲ. ಹಿತ್ತಿಲಲ್ಲಿ ಕೋಳಿಗಳಿದ್ದವು. ದಿನಕ್ಕೊಂದು ತಿನ್ನುವುದೆಂದು ತೀರ್ಮಾನಿಸಿದ.

ಬಾಡು ಒಣಗಿ ಇಬ್ಬರೂ ತಿನ್ನಲು ತೊಡಗಿದ ಮೊದಲ ದಿನವೇ ವ್ಯಾಪಾರಿ ತಕ್ಕಡಿ ಹಿಡಿದು ಬಂದ. ಒಂದು ತಟ್ಟೆಯಲ್ಲಿ ರೈತನ ಕೋಳಿ ಇಟ್ಟ, ಇನ್ನೊಂದು ತಟ್ಟೆಯಲ್ಲಿ ತನ್ನ ಒಣಬಾಡು ಇಟ್ಟ.

“ನೋಡು. ಎರಡೂ ಒಂದೇ ತೂಕ. ಆದರೆ ನನ್ನ ತಟ್ಟೆಯಲ್ಲಿ ಮೂರು ಪಾಲು ಹಸಿ ಬಾಡು ಅಡಗಿದೆ. ನೀನು ಮೂರು ದಿನ ತಿನ್ನುವುದನ್ನು ನಾನು ಒಂದೇ ದಿನ ತಿನ್ನುತ್ತೇನೆ.”

“ನೀನು ಬಾಡಿನಿಂದ ನೀರು ತೆಗೆದಿದ್ದೀಯ. ಅದಕ್ಕೆ ಬಲ ತುಂಬಿಲ್ಲ.”

“ತೆಗೆದದ್ದು ನೀರು ತಾನೆ? ಬೇಕಾದರೆ ಕುಡಿದುಕೊಳ್ಳುತ್ತೇನೆ.”

ಹೇಳಿದಂತೆಯೇ ಕುಡಿದ. ಬಾಡು ತಿಂದ, ಬಾಯಾರಿತು, ಒಂದು ಕೊಡ ನೀರು ಕುಡಿದ. ಮರುದಿನ ಇನ್ನಷ್ಟು ತಿಂದ, ಎರಡು ಕೊಡ ಕುಡಿದ. ನಾಲ್ಕು ಟಗರಿನಿಂದ ಬಿಸಿಲು ಹೀರಿದ ನೀರನ್ನೆಲ್ಲ ಅವನು ಒಬ್ಬನೇ ಒಳಗೆ ತುಂಬಿಕೊಂಡ. ಇಪ್ಪತ್ತನೆಯ ದಿನಕ್ಕೆ ಊರ ಬಾವಿಯಲ್ಲಿ ಅದುವರೆಗೆ ಯಾರೂ ಕಂಡಿರದ ಒಂದು ಮೆಟ್ಟಿಲು ಮೇಲೆದ್ದು ಕಾಣಿಸಿತು. ಮೂವತ್ತನೆಯ ದಿನ ವ್ಯಾಪಾರಿ ತನ್ನ ದೊಡ್ಡ ತಕ್ಕಡಿಯಲ್ಲಿ ತಾನೇ ಕೂತು ನೋಡಿದ. ಒಂದೂವರೆ ಮಣ ಏರಿದ್ದ. ಕೆನ್ನೆ ಉಬ್ಬಿತ್ತು. ಬೆರಳಿನ ಉಂಗುರ ಎಳೆದರೂ ಬರಲಿಲ್ಲ. ಅದನ್ನೂ ಬಲವೆಂದೇ ತಿಳಿದು ಮತ್ತೆ ಹೋಗಿ ಮಲಗಿದ.

ಇತ್ತ ರೈತನ ಕೋಳಿಗಳು ಸಾಮಾನ್ಯದವಲ್ಲ. ಮೊದಲನೆಯ ಕೋಳಿ ತಕ್ಕಡಿಯಿಂದ ಇಳಿದದ್ದೇ ಓಡಿತು. ಹುಲ್ಲಿನ ಮೆದೆ ಹತ್ತಿತು, ಅಲ್ಲಿಂದ ಹೆಂಚಿನ ಮೇಲೆ ಹೋಯಿತು, ಅಲ್ಲಿಂದ ಹೊಳೆ ದಾಟಿತು.

“ಕೋಳಿ ಹೊಳೆ ದಾಟ್ತಾ ಉಸ್ತಾದ್?” ಎಂದ ಇನಾಯತ್.

“ಈಜಿತು ಅಂದೆನಾ? ಹಾರಿತು. ಈಜಿದವನು ರೈತ.”

ಅಂತೂ ರೈತ ಬೆಳಿಗ್ಗೆ ಅಟ್ಟಿದ ಕೋಳಿಯನ್ನು ಮಧ್ಯಾಹ್ನ ತಿಂದ. ಎರಡನೆಯ ದಿನ ಏಳು ಸಲ ಬಿದ್ದ. ಮೂರನೆಯ ದಿನ ಹುಣಸೆಮರದ ತುದಿಯವರೆಗೂ ಹೋಗಿ ಬಂದ. ಹತ್ತು ದಿನಕ್ಕೆ ಅವನ ಹೊಟ್ಟೆ ಕರಗಿತು. ಓಡಿದರೆ ಉಬ್ಬಸ ಬರುತ್ತಿರಲಿಲ್ಲ. ಬಗ್ಗಿದರೆ ಬೆನ್ನು ಹಿಡಿಯುತ್ತಿರಲಿಲ್ಲ.

ಹನ್ನೆರಡನೆಯ ದಿನ ಅವನಿಗೆ ಒಂದು ಸಂಗತಿ ಹೊಳೆಯಿತು. ಕೋಳಿ ಓಡುವುದಕ್ಕೆ ಮುಂಚೆ ತಾನು ಎತ್ತ ಓಡಬೇಕೋ ಅತ್ತ ಒಂದು ಸಲ ನೋಡುತ್ತದೆ. ಬೇಲಿ ನುಸುಳುವುದಿದ್ದರೆ ಬೇಲಿ ನೋಡುತ್ತದೆ. ಕಾಲು ನೋಡುತ್ತ ನಿಂತವನಿಗೆ ಕೋಳಿ ಸಿಗುವುದಿಲ್ಲ. ಕಣ್ಣು ನೋಡಿದವನಿಗೆ ಸಿಗುತ್ತದೆ. ಅಲ್ಲಿಂದ ಮುಂದೆ ಅವನು ಅಟ್ಟಲಿಲ್ಲ. ಸುಮ್ಮನೆ ಎದುರು ನಿಂತು ಅದರ ಕಣ್ಣು ನೋಡುತ್ತಿದ್ದ. ಅದು ಬೇಲಿಯ ಕಡೆ ನೋಡಿದ ಗಳಿಗೆಗೆ ಎರಡೂ ಕಾಲು ಅವನ ಮುಷ್ಟಿಯಲ್ಲಿರುತ್ತಿದ್ದವು.

ನಲವತ್ತೆಂಟನೆಯ ದಿನ ಬಂತು. ಊರೆಲ್ಲ ಸೇರಿತು. ವ್ಯಾಪಾರಿ ಆ ಬೆಳಿಗ್ಗೆ ಹಗ್ಗದಲ್ಲಿ ಉಳಿದಿದ್ದ ಒಣಬಾಡನ್ನೆಲ್ಲ ತಿಂದು, ಮೂರು ಕೊಡ ನೀರು ಕುಡಿದು ಬಂದ. ಗುರು ಇಬ್ಬರ ಹೆಗಲಿಗೂ ಮಣ್ಣು ಹಚ್ಚಿ ಬಿಟ್ಟ.

ರೈತ ಅವನನ್ನು ಎತ್ತಲು ನೋಡಿದ. ತುಂಬಿದ ಗುಡಾಣವನ್ನು ಎತ್ತಿದಂತಾಯಿತು. ವ್ಯಾಪಾರಿ ಮಿಸುಕಲಿಲ್ಲ. ತಳ್ಳಿ ನೋಡಿದ. ಒಳಗೆ ನೀರು ತುಳುಕಿದ ಸದ್ದು ಹಿಂದೆ ನಿಂತವರಿಗೂ ಕೇಳಿಸಿತು. ವ್ಯಾಪಾರಿ ಮಾತ್ರ ಕದಲಲಿಲ್ಲ. ಆಮೇಲೆ ಅವನು ರೈತನ ಕುತ್ತಿಗೆಗೆ ಕೈ ಹಾಕಿ, ಮೈಭಾರವನ್ನೆಲ್ಲ ಅವನ ಮೇಲೆ ಬಿಟ್ಟ. ರೈತನ ಒಂದು ಭುಜ ಮಣ್ಣು ಮುಟ್ಟಿತು. ಇನ್ನೊಂದು ಭುಜ ಮುಟ್ಟಿದರೆ ಗದೆ ಹೋಯಿತು, ಕೈಗೆ ಗುದ್ದಲಿ ಬಂತು. ರೈತ ಹೇಗೋ ಜಾರಿಕೊಂಡು ಎದ್ದು ಎದುರು ನಿಂತ.

ಆದರೆ ಮೂರು ಕೊಡ ನೀರು ಎಷ್ಟು ಹೊತ್ತು ಒಳಗೇ ಇರುತ್ತದೆ? ವ್ಯಾಪಾರಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಹಲ್ಲು ಕಚ್ಚಿದ. ಜನರ ನಡುವೆ ಹೋಗುವಂತಿಲ್ಲ, ಕುಸ್ತಿ ನಿಲ್ಲಿಸಿ ಎನ್ನುವಂತಿಲ್ಲ. ತಡೆಯಲಾರದೆ ಒಂದು ಸಲ ಬೇಲಿಯ ಕಡೆ ನೋಡಿದ.

ರೈತನಿಗೆ ಆ ನೋಟ ಗೊತ್ತಿತ್ತು. ಬಗ್ಗಿ ಎರಡೂ ಕಾಲು ಹಿಡಿದ.

ವ್ಯಾಪಾರಿಯ ಬೆನ್ನು ಮಣ್ಣಿಗೆ ತಾಗಿತು. ಅವನು ಎದ್ದವನು ಗುರುವಿಗೆ ಕೈಮುಗಿಯಲೂ ನಿಲ್ಲದೆ ಬೇಲಿಯ ಹಿಂದಕ್ಕೆ ಓಡಿದ. ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಗದೆ ರೈತನ ಹೆಗಲ ಮೇಲಿತ್ತು. ಆ ಜಾಗದಲ್ಲಿ ಬೇಲಿ ಇವತ್ತಿಗೂ ಚಿಗುರಿಲ್ಲ. ಅಷ್ಟು ಉಪ್ಪು.

ನಾನು ಕತೆ ನಿಲ್ಲಿಸಿದೆ. ಬೋರಲಿಂಗನ ಮುಖ ಅರಳಿತು.

“ಹಂಗಾದ್ರೆ ಕೋಳಿನೇ ಹೆಚ್ಚು. ನಾಳೆಯಿಂದ ಅಂಗಡಿಗೆ ಹೇಳಿ ದಿನಕ್ಕೊಂದು ತರಿಸ್ತೀನಿ. ಚರ್ಮ ಸುಲಿದು, ತುಂಡು ಮಾಡಿ ಕೊಡ್ತಾನೆ.”

“ಆ ಕೋಳೀನ ಹಿಡಿಯೋನು ಯಾರು?”

“ಅಂಗಡಿಯವನು.”

“ಬಲಾನೂ ಅವನಿಗೇ.”

ಬೋರಲಿಂಗನ ಕೈ ಮತ್ತೆ ಬೆನ್ನಿನ ಕಡೆ ಹೊರಟಿತು. ಅರ್ಧ ದಾರಿಯಲ್ಲಿ ನಿಂತಿತು. ಯೋಚನೆಗೆ ಬಿದ್ದಿದ್ದ.

ಇನಾಯತ್ ಸುಮ್ಮನಿರುವವನಲ್ಲ. “ಉಸ್ತಾದ್, ಬಲ ಹಿಡಿಯೋದ್ರಲ್ಲೇ ಇರೋದು ಅಂದ್ಮೇಲೆ, ದಿನಾ ಕೋಳಿ ಹಿಡಿದು ಬಿಟ್ಬಿಟ್ಟು, ಮನೆಗೆ ಬಂದು ಒಣಬಾಡು ತಿಂದ್ರೆ?”

“ಆಗ ಕೋಳಿಗೆ ಸಂತೋಷ.”

“ತಿನ್ನೋನಿಗೆ?”

“ನೀರು ಕಮ್ಮಿ ಕುಡಿದರೆ ಅವನಿಗೂ ಸಂತೋಷ. ಬಾಡು ಯಾವುದಾದರೂ ಹಸಿದ ಹೊಟ್ಟೆಗೆ ಆಗುತ್ತೆ ಕಣಪ್ಪ. ಮಲಗಿದ ಮೈಗೆ ಯಾವುದೂ ಆಗಲ್ಲ. ಇನ್ನು ಇಪ್ಪತ್ತೊಂದು ದಿನ ಇದೆ. ನಮ್ಮ ಹಿತ್ತಿಲಲ್ಲಿ ಆರು ಕೋಳಿ ಇವೆ. ನಾಳೆ ಬೆಳಿಗ್ಗೆ ಬಂದು ಹಿಡಿ, ಬಿಡು, ಮತ್ತೆ ಹಿಡಿ. ಕೊಯ್ಯೋ ಹಾಗಿಲ್ಲ, ಅವು ನಿಮ್ಮವ್ವನವು. ಹೊಳೆಯಾಚೆಯವನು ಹೋದ ವರ್ಷ ನಿನ್ನನ್ನ ಕೆಡವಿದನಲ್ಲ, ಆಗ ನೀನು ಅವನ ಏನು ನೋಡ್ತಿದ್ದೆ?”

“ಕಾಲು,” ಎಂದ ಬೋರಲಿಂಗ, ಮೆಲ್ಲಗೆ.

ನಾನು ಮೀಸೆ ನೀವಿಕೊಂಡೆ. ಕತೆ ತಾಗಬೇಕಾದಲ್ಲಿ ತಾಗಿತ್ತು. ಅಲ್ಲಿಗೆ ಎದ್ದುಬಿಟ್ಟಿದ್ದರೆ ಎಲ್ಲ ಚೆನ್ನಾಗಿತ್ತು. ನಾನು ಇನ್ನೊಂದಿಷ್ಟು ಹೊತ್ತು ಕೂತೆ.

ಬೋರಲಿಂಗ ತಲೆ ಎತ್ತಿದ. ಅವನ ಕಣ್ಣು ನನ್ನ ಕಾಲಿನ ಮೇಲಿರಲಿಲ್ಲ, ಕೈಯ ಮೇಲಿರಲಿಲ್ಲ. ನೆಟ್ಟಗೆ ನನ್ನ ಕಣ್ಣಿನ ಮೇಲಿತ್ತು.

“ಉಸ್ತಾದರೇ, ನೀವು ತಿಂದ್ರಲ್ಲ ಹನ್ನೊಂದು ಕೋಳಿ. ಅವನ್ನ ಹಿಡಿದೋರು ಯಾರು?”

ನಾನು ಬೇಲಿಯ ಕಡೆ ನೋಡಿಬಿಟ್ಟೆ.

ಬೇಲಿಯ ಆಚೆ ದೇವೀರಮ್ಮ ಬರುತ್ತಿದ್ದಳು. ಎಪ್ಪತ್ತೆರಡು ವರ್ಷದವಳು, ತಲೆಯ ಮೇಲೆ ಹಿಟ್ಟಿನ ಮೂಟೆ. ಮೂಟೆಗೆ ಕೈ ಕೊಟ್ಟಿರಲಿಲ್ಲ. ಒಂದು ಕೈಯಲ್ಲಿ ಎಣ್ಣೆಯ ಕ್ಯಾನು ಹಿಡಿದಿದ್ದಳು, ಇನ್ನೊಂದು ಕೈಯನ್ನು ಬೀಸಿಕೊಂಡು ನಡೆಯುತ್ತಿದ್ದಳು.

ಬೋರಲಿಂಗ ನಾನು ನೋಡಿದ್ದನ್ನು ನೋಡಿಬಿಟ್ಟಿದ್ದ. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನಾನು ಎರಡೂ ಕೈ ಮಗುಚಿ ತೋರಿಸಿದೆ.

“ನಿಮ್ಮವ್ವ. ಅದಕ್ಕೇ ಈ ಮನೆಯಲ್ಲಿ ಇವತ್ತಿನವರೆಗೂ ನಾನು ಒಂದು ಕುಸ್ತಿಯನ್ನೂ ಗೆದ್ದಿಲ್ಲ.”